ಹತ್ತು ಸಿಲಿಂಡರ್‌ನ ಹಳೆಯ ಎಂ6: ಬೇರಿಂಗ್ ವಿಚಾರಿಸದೆ ಮುಂಗಡ ಕೊಡಬೇಡಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ವಾಹನ ಪುಟದಲ್ಲಿ ಬಂದ ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರುಗಳ ಲೇಖನ ಓದಿದೆವು. ಇನ್ನೋವಾ ಕೊಳ್ಳುವ ದುಡ್ಡಿಗೆ, ಒಂದು ಕಾಲದಲ್ಲಿ ಕೋಟಿ ಬಾಳುತ್ತಿದ್ದ ಜರ್ಮನ್ ಕಾರು ಮನೆ ಮುಂದೆ ಬಂದು ನಿಲ್ಲುತ್ತದೆ ಎಂಬುದು ಸುಳ್ಳಲ್ಲ. ಆದರೆ ಆ ಬೆಲೆ ಅಷ್ಟೊಂದು ಕುಸಿದಿದ್ದು ಯಾಕೆ ಎಂಬುದನ್ನು ಲೇಖನ ಹೇಳಲಿಲ್ಲ. ಎಲ್ಲ ಕಾರುಗಳ ಬಗ್ಗೆ ಬರೆಯಲು ಇಲ್ಲಿ ಜಾಗವಿಲ್ಲ. ಹಾಗಾಗಿ ಮೆಕ್ಯಾನಿಕ್‌ಗಳಾದ ನಮ್ಮಲ್ಲಿಗೆ ವಿಚಾರಿಸಿಕೊಂಡು ಬರುವವರು ಹೆಚ್ಚು ಆಸೆಪಡುವ ಒಂದನ್ನೇ ಹಿಡಿದಿದ್ದೇವೆ: ಬಿಎಂಡಬ್ಲ್ಯು ಎಂ6, 2005ರಿಂದ 2010ರವರೆಗೆ ತಯಾರಾದದ್ದು. ಅದೇ ಕಾಲದ ಎಂ5 ಸೆಡಾನ್‌ಗೂ ಇದೇ ಎಂಜಿನ್ ಇರುವುದರಿಂದ ಮುಂದಿನ ಮಾತುಗಳಲ್ಲಿ ಬಹುಪಾಲು ಅದಕ್ಕೂ ಅನ್ವಯಿಸುತ್ತವೆ.

ಟರ್ಬೊ ಇಲ್ಲದ 4,999 ಸಿಸಿಯ ವಿ10 ಎಂಜಿನ್, 7,750 ಆರ್‌ಪಿಎಂನಲ್ಲಿ 507 ಅಶ್ವಶಕ್ತಿ, 8,250ರವರೆಗೆ ತಿರುಗುವ ಸಾಮರ್ಥ್ಯ. ಹತ್ತು ಸಿಲಿಂಡರ್‌ಗೆ ಹತ್ತು ಪ್ರತ್ಯೇಕ ಥ್ರಾಟಲ್ (ಒಳಗೆ ಗಾಳಿ ಬಿಡುವ ಕವಾಟ). ಕೂಪೆ, ಕನ್ವರ್ಟಿಬಲ್ ಎರಡೂ ಸೇರಿ ಪ್ರಪಂಚಕ್ಕೆಲ್ಲ ಬಂದದ್ದು 14 ಸಾವಿರ ಚಿಲ್ಲರೆ ಕಾರು. ಅಂಥ ಎಂಜಿನ್ ಇನ್ನು ಬರುವುದಿಲ್ಲ, ಅದರ ಮೇಲೆ ಮನಸ್ಸಾಗುವುದು ಸಹಜ. ಆ ಮನಸ್ಸಿರುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ನೋಡಬೇಕಾದದ್ದು ಕನೆಕ್ಟಿಂಗ್ ರಾಡ್ ಬೇರಿಂಗ್. ಪಿಸ್ಟನ್ನನ್ನು ಕ್ರ್ಯಾಂಕ್ ಎಂಬ ತಿರುಗುವ ದಂಡಕ್ಕೆ ಜೋಡಿಸುವುದು ಈ ರಾಡ್. ಹತ್ತು ರಾಡ್‌ಗೆ ಎರಡೆರಡರಂತೆ ಅರ್ಧ ಬಳೆಯಂಥ ಇಪ್ಪತ್ತು ಬೇರಿಂಗ್ ಶೆಲ್‌ಗಳಿವೆ. ಕ್ರ್ಯಾಂಕ್‌ಗೂ ಈ ಶೆಲ್‌ಗೂ ನಡುವಿನ ಸಂದು ಬಹಳ ಕಿರಿದು, ಹಾಕುವ ಆಯಿಲ್ 10ಡಬ್ಲ್ಯು-60 ಬಹಳ ಮಂದ. ತಣ್ಣಗಿರುವ ಎಂಜಿನ್‌ನಲ್ಲಿ ಈ ಮಂದ ಆಯಿಲ್ ಆ ಸಂದಿಗೆ ಇಳಿಯುವ ಮೊದಲೇ ಆಕ್ಸಿಲರೇಟರ್ ಒತ್ತಿದರೆ ಶೆಲ್ ಮೇಲಿನ ಸೀಸದ ಪದರ ಸವೆಯುತ್ತದೆ, ಅದರ ಕೆಳಗಿನ ತಾಮ್ರ ಬಯಲಾಗುತ್ತದೆ. ಅದಕ್ಕೇ ಕಂಪನಿ ಆರ್‌ಪಿಎಂ ಮೀಟರ್‌ನಲ್ಲಿ ಬಿಸಿಗೆ ತಕ್ಕಂತೆ ಸರಿಯುವ ಎಚ್ಚರಿಕೆ ದೀಪಗಳನ್ನು ಇಟ್ಟಿದೆ. ಎಂಜಿನ್ ತಣ್ಣಗಿರುವಾಗ ಮಿತಿ ಕೆಳಗಿರುತ್ತದೆ, ಬಿಸಿಯಾದಂತೆ ಮೇಲಕ್ಕೆ ಹೋಗುತ್ತದೆ. ಹಿಂದಿನ ಮಾಲೀಕರು ಆ ದೀಪಕ್ಕೆ ಮರ್ಯಾದೆ ಕೊಟ್ಟಿದ್ದರೋ ಇಲ್ಲವೋ ಎಂಬುದರ ಮೇಲೆ ಎಂಜಿನ್ ಆಯುಸ್ಸು ನಿಂತಿದೆ.

ಈ ಸವೆತಕ್ಕೆ ಸದ್ದಿಲ್ಲ. ಕೆಳಗಿನಿಂದ ಟಕಟಕ ಕೇಳಿಸುವ ಹೊತ್ತಿಗೆ ಕ್ರ್ಯಾಂಕ್ ಹಾಳಾಗಿರುತ್ತದೆ, ಆಮೇಲೆ ಉಳಿಯುವುದು ಇಡೀ ಎಂಜಿನ್‌ನ ಖರ್ಚು. ಹಾಗಾಗಿ 80 ಸಾವಿರದಿಂದ ಒಂದು ಲಕ್ಷ ಕಿ.ಮೀ. ಒಳಗೆ, ತೊಂದರೆ ಇರಲಿ ಬಿಡಲಿ, ಶೆಲ್ ಬದಲಿಸುವುದು ಒಳ್ಳೆಯದು. ಎಂಜಿನ್ ಇಳಿಸಬೇಕಿಲ್ಲ. ಎಂಜಿನನ್ನು ಮೇಲಿನಿಂದ ತೂಗುಹಾಕಿ, ಅದರ ಕೆಳಗಿನ ಚೌಕಟ್ಟಾದ ಮುಂದಿನ ಸಬ್‌ಫ್ರೇಮ್ ಇಳಿಸಿ, ಆಯಿಲ್ ಚೇಂಬರ್ ಬಿಚ್ಚಿದರೆ ಕೆಳಗಿನಿಂದಲೇ ಕೈ ಹೋಗುತ್ತದೆ. ರಾಡ್ ಬೋಲ್ಟ್‌ಗಳು ಬಿಗಿಯುವಾಗ ಹಿಗ್ಗುವ ಜಾತಿಯವು, ಬಿಚ್ಚಿದ ಮೇಲೆ ಹೊಸದನ್ನೇ ಹಾಕಬೇಕು. ಹಳೆಯ ಬೋಲ್ಟನ್ನೇ ಮತ್ತೆ ಬಿಗಿದ ಕೆಲಸಕ್ಕೆ ಬೆಲೆಯಿಲ್ಲ. ಚೇಂಬರ್ ಬಿಚ್ಚಿರುವಾಗಲೇ ಗ್ಯಾಸ್ಕೆಟ್, ಎಂಜಿನ್ ಮೌಂಟ್ ಬದಲಿಸಿದರೆ ಎರಡನೇ ಸಲದ ಕೂಲಿ ಉಳಿಯುತ್ತದೆ. ‘ಬೇರಿಂಗ್ ಮಾಡಿಸಿದ್ದೇವೆ’ ಎನ್ನುವವರ ಬಳಿ ಬಿಲ್ ಕೇಳಿ, ತೆಗೆದ ಹಳೆಯ ಶೆಲ್‌ಗಳ ಫೋಟೊ ಕೇಳಿ. ಈ ಕೆಲಸ ಮಾಡಿಸಿದವರಲ್ಲಿ ಹೆಚ್ಚಿನವರು ಶೆಲ್‌ಗಳನ್ನೇ ಡಬ್ಬಿಯಲ್ಲಿ ಜೋಪಾನ ಮಾಡಿರುತ್ತಾರೆ.

ದಾಖಲೆ ಇಲ್ಲದಿದ್ದರೆ ಆಯಿಲ್ ಪರೀಕ್ಷೆ ಮಾಡಿಸಬಹುದು. ಬಿಸಿ ಎಂಜಿನ್‌ನಿಂದ ಆಯಿಲ್ ಇಳಿಸುವಾಗ ಮೊದಲ ಧಾರೆ ಬಿಟ್ಟು, ನಡುವಿನದನ್ನು 100 ಮಿ.ಲೀ.ನಷ್ಟು ಶುದ್ಧ ಬಾಟಲಿಗೆ ಹಿಡಿಯಿರಿ. ಜನರೇಟರ್, ಕಾರ್ಖಾನೆ ಯಂತ್ರಗಳ ಆಯಿಲ್ ಪರೀಕ್ಷಿಸುವ ಲ್ಯಾಬ್‌ಗಳೇ ಇದನ್ನೂ ಮಾಡುತ್ತವೆ. ಸೀಸ, ತಾಮ್ರ, ತವರ ಈ ಮೂರರ ಅಂಕಿ ನೋಡಬೇಕು. ಆದರೆ ಮಾರುವ ಮುನ್ನ ಹೊಸ ಆಯಿಲ್ ಹಾಕಿಸಿದ್ದರೆ ಆ ಅಂಕಿಗೆ ಅರ್ಥವಿಲ್ಲ, ಆಯಿಲ್ ಎಷ್ಟು ಕಿ.ಮೀ. ಓಡಿದೆ ಎಂಬುದು ಗೊತ್ತಿರಲೇಬೇಕು. ಇನ್ನೊಂದು ಮಿತಿಯೂ ಇದೆ: ಲ್ಯಾಬ್‌ನ ಯಂತ್ರ ತೀರ ಸಣ್ಣ ಕಣಗಳನ್ನು ಮಾತ್ರ ಎಣಿಸುತ್ತದೆ, ದೊಡ್ಡ ಚೂರು ಅದರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಆಯಿಲ್ ಫಿಲ್ಟರ್ ಕಾಗದವನ್ನು ಕತ್ತರಿಸಿ, ಬಿಡಿಸಿ, ಬಿಸಿಲಲ್ಲಿ ಹಿಡಿದು ಮಿನುಗು ಇದೆಯೇ ನೋಡಿ. ಎಂಜಿನ್‌ಗೆ ಹಿಡಿಯುವುದು ಫಿಲ್ಟರ್ ಸೇರಿ 9.3 ಲೀಟರ್. ಕಂಪನಿ ಹೇಳುವ ದೀರ್ಘ ಅವಧಿಯನ್ನು ನೆಚ್ಚದೆ ಹತ್ತು ಸಾವಿರ ಕಿ.ಮೀ. ಒಳಗೆ ಬದಲಿಸಿದ ದಾಖಲೆ ಇದ್ದರೆ ಅಂಥ ಕಾರಿಗೆ ನಾಲ್ಕು ಕಾಸು ಹೆಚ್ಚು ಕೊಡಬಹುದು. ಹೊಸದರಲ್ಲಿ 2,000 ಕಿ.ಮೀ.ಗೆ ಮಾಡಿಸಬೇಕಾದ ಮೊದಲ ಸರ್ವಿಸ್ ಆಗಿದೆಯೇ ಎಂಬುದನ್ನೂ ಪುಸ್ತಕದಲ್ಲಿ ಹುಡುಕಿ.

ಕಾರು ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕು. ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ. ವಾಲ್ವ್ ತೆರೆಯುವ ಕ್ಯಾಮ್‌ನ ಸಮಯ ಹೊಂದಿಸುವ ವ್ಯಾನೋಸ್ ವ್ಯವಸ್ಥೆ ಈ ಎಂಜಿನ್‌ನಲ್ಲಿ ಬಹಳ ಹೆಚ್ಚಿನ ಆಯಿಲ್ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಪಂಪ್ ಸೋತಿದ್ದರೆ ಅಥವಾ ಅದರ ಹೈ ಪ್ರೆಷರ್ ಪೈಪ್ ಸೋರುತ್ತಿದ್ದರೆ ತಣ್ಣನೆಯ ಸ್ಟಾರ್ಟ್‌ನಲ್ಲೇ ಗಡಗಡ ಸದ್ದು ಬರುತ್ತದೆ. ಸಿಲಿಂಡರ್‌ಗಳ ಎರಡೂ ಸಾಲಿಗೆ ಒಂದೊಂದರಂತೆ ಇರುವ, ಥ್ರಾಟಲ್ ತೆರೆದು ಮುಚ್ಚುವ ಆಕ್ಚುಯೇಟರ್‌ಗಳು ಇನ್ನೊಂದು ಬಲಹೀನ ಜಾಗ. ಒಳಗಿನ ಗೇರ್ ಸವೆದೋ ಎಲೆಕ್ಟ್ರಾನಿಕ್ಸ್ ಸುಟ್ಟೋ ಅವು ಕೈಕೊಟ್ಟರೆ ಕಾರು ಶಕ್ತಿ ಕಳೆದುಕೊಂಡು ತೆವಳುತ್ತದೆ. ಒಂದು ಹೋದರೆ ಜೊತೆಯದೂ ದೂರವಿಲ್ಲ ಎಂದೇ ಲೆಕ್ಕ ಹಾಕಿ. ಸ್ಟಾರ್ಟ್ ಮಾಡಿದಾಗ ಕಾರು ಕೊಡುವುದು 400 ಅಶ್ವಶಕ್ತಿ ಮಾತ್ರ. ಪವರ್ ಬಟನ್ ಒತ್ತಿದ ಮೇಲೇ ಪೂರ್ತಿ 507. ಓಡಿಸಿ ನೋಡುವಾಗ ಅದನ್ನು ಒತ್ತಿ, ಎಂಜಿನ್ ಬಿಸಿಯಾದ ಮೇಲೆ ಒಮ್ಮೆಯಾದರೂ 8,000ದ ಹತ್ತಿರಕ್ಕೆ ಒಯ್ಯಿರಿ.

ಗೇರ್‌ಬಾಕ್ಸ್ ವಿಷಯದಲ್ಲಿ ಬೆಂಗಳೂರಿನವರು ಮೋಸಹೋಗುವುದು ಹೆಚ್ಚು. ಎರಡು ಪೆಡಲ್ ನೋಡಿ ಆಟೊಮ್ಯಾಟಿಕ್ ಅಂದುಕೊಳ್ಳುತ್ತಾರೆ. ಇದು ಏಳು ಗೇರಿನ ಎಸ್‌ಎಂಜಿ, ಅಂದರೆ ಮ್ಯಾನ್ಯುವಲ್ ಗೇರ್‌ಬಾಕ್ಸ್‌ನ ಕ್ಲಚ್ಚನ್ನು ಹೈಡ್ರಾಲಿಕ್ ಪಂಪ್ ಒತ್ತುತ್ತದೆ. ಸಿಲ್ಕ್ ಬೋರ್ಡ್‌ನಲ್ಲಿ ಇಂಚಿಂಚು ಸರಿಯುವಾಗ ನೀವು ಆಕ್ಸಿಲರೇಟರ್ ತುಸು ಒತ್ತಿದಷ್ಟು ಸಲವೂ ಅದು ಅರ್ಧ ಕ್ಲಚ್‌ನಲ್ಲಿ ಉಜ್ಜುತ್ತಿರುತ್ತದೆ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದರೆ ಕ್ಲಚ್ ಎಷ್ಟು ಸವೆದಿದೆ ಎಂಬುದು ತಿಳಿಯುತ್ತದೆ. ಇಳಿಜಾರಿನ ಬೇಸ್‌ಮೆಂಟ್ ರ‍್ಯಾಂಪ್‌ನಲ್ಲಿ ರಿವರ್ಸ್ ಹತ್ತಿಸಿ, ಸುಟ್ಟ ವಾಸನೆ ಬಂದರೆ ಕ್ಲಚ್ ಜೊತೆಗೆ ಫ್ಲೈವೀಲ್ ಬೆಲೆಯನ್ನೂ ಸೇರಿಸಿಕೊಳ್ಳಿ.

ಬಾಡಿ ನೋಡುವಾಗ ಅಯಸ್ಕಾಂತದ ಉಪಾಯ ಇಲ್ಲಿ ನಡೆಯುವುದಿಲ್ಲ. ಬಾನೆಟ್, ಬಾಗಿಲು ಅಲ್ಯೂಮಿನಿಯಂ, ಮುಂದಿನ ಫೆಂಡರ್ ಮತ್ತು ಡಿಕ್ಕಿ ಬಾಗಿಲು ಪ್ಲಾಸ್ಟಿಕ್, ಕೂಪೆಯ ಛಾವಣಿ ಕಾರ್ಬನ್ ಫೈಬರ್. ಅಯಸ್ಕಾಂತ ಅಂಟಲಿಲ್ಲ ಎಂದು ‘ಪುಟ್ಟಿ ತುಂಬಿದ್ದಾರೆ’ ಎಂದು ತೀರ್ಮಾನಿಸಿ ಒಳ್ಳೆಯ ಕಾರನ್ನು ಬಿಟ್ಟುಬಂದರೆ ನಷ್ಟ ನಿಮ್ಮದೇ. ಬೋಲ್ಟ್ ತಲೆಗಳ ಬಣ್ಣ ಕಿತ್ತಿದೆಯೇ, ಸಂದುಗಳು ಎರಡೂ ಬದಿ ಸಮವಾಗಿವೆಯೇ ನೋಡಿ. ಕಿ.ಮೀ. ತಿದ್ದಿದ್ದಾರೆಯೇ ಎಂದು ತಿಳಿಯಲು ಮೀಟರ್ ಒಂದನ್ನೇ ನಂಬಬೇಡಿ, ಅದೇ ಅಂಕಿ ಕೀ ಮಾಡ್ಯೂಲ್‌ನಲ್ಲೂ ಲೈಟ್ ಮಾಡ್ಯೂಲ್‌ನಲ್ಲೂ ಉಳಿದಿರುತ್ತದೆ, ಸ್ಕ್ಯಾನರ್‌ನಲ್ಲಿ ಹೋಲಿಸಿ. ಟೈರ್ ಮುಂದೆ 255/40, ಹಿಂದೆ 285/35, ಎರಡೂ 19 ಇಂಚು. ಪಕ್ಕದಲ್ಲಿರುವ ನಾಲ್ಕಂಕಿಯಲ್ಲಿ ಮೊದಲೆರಡು ಟೈರ್ ತಯಾರಾದ ವಾರ, ಕೊನೆಯೆರಡು ವರ್ಷ. ಬ್ರೇಕ್ ಡಿಸ್ಕ್ ಮುಂದೆ 374 ಮಿ.ಮೀ., ಅದರ ಅಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಏಣು ಬಿದ್ದಿದ್ದರೆ ಚೌಕಾಸಿಗೆ ಅದೇ ಸಾಕು.

2015ರ ಚೆನ್ನೈ ನೆರೆ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆಯ ನೆರೆ, ಇವೆರಡರಲ್ಲೂ ದುಬಾರಿ ಕಾರುಗಳು ಮುಳುಗಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಮಣ್ಣಿನ ಗೆರೆ ಹುಡುಕಿ. ಬ್ಯಾಟರಿ ಇರುವುದು ಡಿಕ್ಕಿಯಲ್ಲಿ, ಅದರ ಕೆಳಗಿನ ಗುಂಡಿಯಲ್ಲಿ ತೇವ, ತುಕ್ಕು ಇದ್ದರೆ ಅಲ್ಲಿಗೇ ಕೈಮುಗಿದು ಬನ್ನಿ.

ಪೆಟ್ರೋಲ್ ಬಗ್ಗೆ ಎರಡು ಮಾತು. ಕಂಪ್ರೆಷನ್ 12:1 ಇರುವ ಈ ಎಂಜಿನ್ ಕೇಳುವುದು 98 ಆಕ್ಟೇನ್, ಕನಿಷ್ಠ 95. ಆ ಕಾಲದ ಕಾರುಗಳು ಒಪ್ಪುವುದು ಶೇ 10ರವರೆಗಿನ ಎಥನಾಲ್, ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರದ್ದು. ಹಾಗಾಗಿ ಇಂಧನದ ರಬ್ಬರ್ ಹೋಸ್‌ಗಳನ್ನು ಕೊಂಡ ಕೂಡಲೇ ಬದಲಿಸಿ. ತಿಂಗಳುಗಟ್ಟಲೆ ಟ್ಯಾಂಕ್ ತುಂಬಿಟ್ಟು ನಿಲ್ಲಿಸಬೇಡಿ.

ಇನ್ನು ಕಾಗದಪತ್ರ. ದೆಹಲಿಯಲ್ಲಿ 15 ವರ್ಷದ ಪೆಟ್ರೋಲ್ ಕಾರುಗಳಿಗೆ ನಿರ್ಬಂಧ ಬಂದಾಗಿನಿಂದ ಅಲ್ಲಿನವು ಅಗ್ಗಕ್ಕೆ ದಕ್ಷಿಣಕ್ಕೆ ಬರುತ್ತಿವೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ನೀವು 20 ಲಕ್ಷಕ್ಕೆ ಕೊಂಡಿರಿ, 15ಕ್ಕೇ ಕೊಂಡಿರಿ, ಲೆಕ್ಕ ಶುರುವಾಗುವುದು ಕಾರಿನ ಮೂಲ ಬೆಲೆಯಿಂದ. ವಯಸ್ಸಿಗೆ ತಕ್ಕಂತೆ ತೆರಿಗೆ ಇಳಿಸುತ್ತಾರೆ ನಿಜ, ಆದರೂ ಕೋಟಿ ಬೆಲೆಯ ಕಾರಿಗೆ ಲಕ್ಷಗಳಲ್ಲೇ ಬರುತ್ತದೆ. ಹೊರರಾಜ್ಯದ ನಂಬರ್ ಪ್ಲೇಟ್‌ನಲ್ಲೇ ಓಡಿಸಿದರಾಯಿತು ಎನ್ನುವ ಬ್ರೋಕರ್ ಮಾತು ಕೇಳಬೇಡಿ, ಸಾರಿಗೆ ಇಲಾಖೆ ಇಂಥ ಕಾರುಗಳನ್ನು ರಸ್ತೆಯಲ್ಲೇ ಜಪ್ತಿ ಮಾಡುತ್ತಿದೆ. ಸಾಲವಿದ್ದರೆ ಬ್ಯಾಂಕಿನ ಸಹಿ ಇರುವ ಫಾರಂ 35, ಹಳೆಯ ಆರ್‌ಟಿಒದ ಎನ್‌ಒಸಿಗೆ ಫಾರಂ 28, ವರ್ಗಾವಣೆಗೆ 29 ಮತ್ತು 30, ಇಲ್ಲಿ ಹೊಸ ನಂಬರ್‌ಗೆ 27. ಹದಿನೈದು ವರ್ಷ ದಾಟಿದ್ದರೆ ಆರ್‌ಸಿ ನವೀಕರಣ ಮೊದಲು ಆಗಬೇಕು, ಆಮದು ಕಾರಿಗೆ ಅದರ ಶುಲ್ಕವೂ ಹತ್ತಾರು ಸಾವಿರದಲ್ಲಿದೆ.

ಮ್ಯೂನಿಕ್, ಸ್ಟುಟ್‌ಗಾರ್ಟ್‌ಗಳಲ್ಲಿರುವ ಕನ್ನಡಿಗರು ಅಲ್ಲಿ ಕೊಂಡು ಊರಿಗೆ ತರಬಹುದೇ ಎಂದು ಕೇಳುವುದುಂಟು. ಭಾರತಕ್ಕೆ ಬರುವ ಹಳೆಯ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಕ್ಕಿರಬೇಕು. ಎಂ6ಗೆ ಆ ದಾರಿ ಮುಚ್ಚಿದೆ.

ಕೊಳ್ಳುವ ಬೆಲೆಯ ಮೂರನೇ ಒಂದು ಭಾಗವನ್ನಾದರೂ ಮೊದಲ ವರ್ಷದ ದುರಸ್ತಿಗೆಂದು ಬೇರೆ ತೆಗೆದಿಡಿ ಎಂಬುದು ನಮ್ಮ ಸಲಹೆ. ಅಷ್ಟು ಉಳಿಯದಿದ್ದರೆ ಅದೇ ಆಕಾರದ ಎಂಟು ಸಿಲಿಂಡರ್‌ನ 650ಐ ನೋಡಬಹುದು. ಅದಕ್ಕೂ ಆಯಿಲ್ ಸೋರಿಕೆಯಂಥ ತನ್ನದೇ ಕಾಯಿಲೆಗಳಿವೆ, ಆದರೆ ಗೇರ್‌ಬಾಕ್ಸ್ ನಿಜವಾದ ಆಟೊಮ್ಯಾಟಿಕ್. ನಿಮ್ಮ ಪುಟದಲ್ಲಿ ಇನ್ನು ಮುಂದೆ ಇಂಥ ಕಾರುಗಳ ಬೆಲೆ ಅಚ್ಚಾಗುವಾಗ ಪಕ್ಕದಲ್ಲೇ ಕರ್ನಾಟಕದ ತೆರಿಗೆಯ ಅಂದಾಜು, ಆ ಎಂಜಿನ್‌ನ ಗೊತ್ತಿರುವ ದೋಷ ಇವೆರಡಕ್ಕೂ ಒಂದೊಂದು ಸಾಲು ಜಾಗ ಕೊಡಬೇಕೆಂದು ಕೋರುತ್ತೇವೆ.

– ಹಳೆಯ ಜರ್ಮನ್ ಕಾರುಗಳ ದುರಸ್ತಿ ಮಾಡುವ ಮೆಕ್ಯಾನಿಕ್‌ಗಳು, ಬೆಂಗಳೂರು