ಕ್ಯಾಮೆರಾ ಬಿಡಬೇಡ

ಚಿ. ಪುಟ್ಟನಿಗೆ ಸೋದರಮಾವನ ಆಶೀರ್ವಾದಗಳು.

ಕ್ಯಾಮೆರಾ ಕೆಲಸ ಬಿಟ್ಟು ನಿರ್ದೇಶನಕ್ಕೆ ಇಳಿಯುತ್ತೇನೆ ಎಂದು ಬರೆದಿದ್ದೀಯ. ಇಳಿ, ಆದರೆ ಕ್ಯಾಮೆರಾ ಬಿಡಬೇಡ. ಇಟಲಿಯ ಚಿತ್ರನಿರ್ದೇಶಕ ಮಾರಿಯೊ ಬಾವಾ ಬೆಳೆದ ದಾರಿಯನ್ನು ಒಮ್ಮೆ ಸರಿಯಾಗಿ ನೋಡು.

1914ರಲ್ಲಿ ಸಾನ್‌ರೆಮೊದಲ್ಲಿ ಹುಟ್ಟಿದವರು. ತಂದೆ ಯುಜೆನಿಯೊ ಮೂಕಿಚಿತ್ರಗಳ ಕಾಲದಿಂದಲೂ ಟ್ರಿಕ್ ಶಾಟ್‌ಗಳಲ್ಲಿ ಪಳಗಿದ ಕೈ. ಮಗ ವರ್ಷಗಟ್ಟಲೆ ಛಾಯಾಗ್ರಾಹಕನಾಗಿಯೇ ದುಡಿದರು. ಅವರು ಛಾಯಾಗ್ರಾಹಕರಾಗಿದ್ದ 'ಇ ವಾಂಪೀರಿ' 12 ದಿನದಲ್ಲಿ ಮುಗಿಯಬೇಕಿದ್ದ ಕಪ್ಪು-ಬಿಳುಪು ಚಿತ್ರ. ನಿರ್ದೇಶಕ ರಿಕಾರ್ಡೊ ಫ್ರೆಡಾ ನಡುವೆ ಎದ್ದುಹೋದಾಗ ಉಳಿದದ್ದನ್ನು ಬಾವಾ ಎರಡೇ ದಿನದಲ್ಲಿ ಮುಗಿಸಿದರು. ಮುಂದೆ ಫ್ರೆಡಾ ಅವರದೇ ಇನ್ನೊಂದು ಚಿತ್ರ 'ಕಾಲ್ಟಿಕಿ'ಯನ್ನೂ ಹೀಗೆಯೇ ದಡ ಸೇರಿಸಿದರು. ಆಮೇಲಷ್ಟೇ ಗಲಾಟಿಯಾ ಎಂಬ ಚಿತ್ರನಿರ್ಮಾಣ ಸಂಸ್ಥೆ ಅವರ ಕೈಗೆ ಸ್ವಂತ ಚಿತ್ರ ಕೊಟ್ಟದ್ದು: 1960ರ 'ಲಾ ಮಾಸ್ಕೆರಾ ದೆಲ್ ದೆಮೋನಿಯೊ'. ಅದು ತೆರೆಗೆ ಬಂದಾಗ ವಯಸ್ಸು 46. ಅದರ ಛಾಯಾಗ್ರಹಣವೂ ಅವರದೇ.

'ಇ ವಾಂಪೀರಿ'ಯಲ್ಲಿ ನಟಿಯ ಮುಖ ಕಟ್ ಇಲ್ಲದೆ, ಕಣ್ಣೆದುರೇ ಮುಪ್ಪಾಗುತ್ತದೆ. ಅದನ್ನು ನೀನೇ ಮಾಡಿ ನೋಡು. ಸುಕ್ಕುಗಳನ್ನು ತೆಳುವಾಗಿ ಕೆಂಪು ಬಣ್ಣದಲ್ಲಿ ಬರೆಸು. ಕೆಂಪು ಬೆಳಕಿನಲ್ಲಿ ಚರ್ಮವೂ ಗೆರೆಯೂ ಹೆಚ್ಚುಕಡಿಮೆ ಒಂದೇ ಹೊಳಪಿಗೆ ಬರುತ್ತವೆ, ಹಾಗಾಗಿ ಕಪ್ಪು-ಬಿಳುಪಿನಲ್ಲಿ ಗೆರೆ ಕಾಣದು. ಕೆಂಪು ಇಳಿಸುತ್ತಾ ಹಸಿರು ಏರಿಸು. ಕೆಂಪು ಬಣ್ಣ ಹಸಿರು ಬೆಳಕನ್ನು ನುಂಗುತ್ತದೆ, ಸುಕ್ಕು ಕಪ್ಪಗೆ ಮೂಡುತ್ತದೆ. ನಾಲ್ಕೈದು ಸೆಕೆಂಡು ಸಾಕು.

ಕೆಡುವುದು ಎಲ್ಲಿ ಗೊತ್ತೆ? ಎರಡು ಲೈಟುಗಳ ನಡುವೆ ಅಂತರವಿದ್ದರೆ ಮೂಗಿನ ನೆರಳು ಸರಿದು ಗುಟ್ಟು ರಟ್ಟಾಗುತ್ತದೆ, ಆದ್ದರಿಂದ ಒಂದಕ್ಕೊಂದು ಅಂಟಿಸಿ ನಿಲ್ಲಿಸು. ಚರ್ಮ ಹಸಿರನ್ನು ಕಡಿಮೆ ಹಿಂತಿರುಗಿಸುವುದರಿಂದ ಹಸಿರು ಲೈಟು ಜೋರಾಗಿರಬೇಕು. ಕೆನ್ನೆಯ ಹೊಳಪಿನ ಮಟ್ಟ ಮೊದಲಿಗೂ ಕೊನೆಗೂ ಒಂದೇ ಇದೆಯೇ ಎಂದು ವೇವ್‌ಫಾರ್ಮ್‌ನಲ್ಲಿ (ಚಿತ್ರದ ಹೊಳಪು ತೋರಿಸುವ ಗ್ರಾಫ್) ನೋಡು. ಡಿಜಿಟಲ್ ಕ್ಯಾಮೆರಾದಲ್ಲಿ ಬರೀ ಕೆಂಪು ಬೆಳಕಿದ್ದರೆ ಕೆಂಪು ಚಾನೆಲ್ (ಚಿತ್ರದ ಕೆಂಪು ಪಾಲು) ಒಂದೇ ಮಿತಿಮೀರಿ ಹೊಳೆದು ಬೇಗ ವಿವರ ಕಳೆದುಕೊಳ್ಳುತ್ತದೆ, ಎಕ್ಸ್‌ಪೋಷರ್ ಇಳಿಸು. ಲಿಪ್‌ಸ್ಟಿಕ್, ಕುಂಕುಮ, ಕೆಂಪು ಸೀರೆ ಯಾವುದೂ ಫ್ರೇಮಿನಲ್ಲಿ ಬೇಡ, ಅವೂ ಕಪ್ಪಾಗುತ್ತವೆ. ಎಲ್ಲಿಂದಲೋ ಬಿಳಿ ಬೆಳಕು ಸೋರಿದರೆ ಸುಕ್ಕು ಮೊದಲೇ ಇಣುಕುತ್ತದೆ. ಬಣ್ಣ ದಪ್ಪಗೆ ಬಳಿದರೆ ಅದರ ಅಂಚು ಹೊಳೆದು ಕಂಡುಬಿಡುತ್ತದೆ. ಮೇಲೆ ಪೌಡರ್ ಹಾಕಿಸು.

ಈ ಒಂದು ಶಾಟ್‌ಗೆ ಮೇಕಪ್, ಬಟ್ಟೆ, ಲೈಟು, ನಟಿಯ ಅಲುಗಾಟ ಎಲ್ಲವನ್ನೂ ಒಬ್ಬರೇ ಮೊದಲೇ ಲೆಕ್ಕ ಹಾಕಿರಬೇಕು. ನನ್ನ ಮಟ್ಟಿಗೆ ನಿರ್ದೇಶನ ಎಂದರೆ ಇದೇ. 1965ರ ಬಾಹ್ಯಾಕಾಶದ ಚಿತ್ರ 'ತೆರ್ರೋರೆ ನೆಲ್ಲೊ ಸ್ಪಾತ್ಸಿಯೊ'ದಲ್ಲಿ (ಇಂಗ್ಲಿಷಿನಲ್ಲಿ 'ಪ್ಲಾನೆಟ್ ಆಫ್ ದ ವ್ಯಾಂಪೈರ್ಸ್') ಬಾವಾ ಹೊಗೆ, ಕನ್ನಡಿ, ಬಣ್ಣದ ಬೆಳಕು, ಒಂದೆರಡು ಪ್ಲಾಸ್ಟಿಕ್ ಬಂಡೆಗಳಿಂದ ಇಡೀ ಗ್ರಹ ಕಟ್ಟಿದ್ದು ಈ ಲೆಕ್ಕಾಚಾರದ ಬಲದಿಂದಲೇ. ದುಡ್ಡಿನ ಕೊರತೆ ಎಂದು ನೀನು ಕೊರಗುವಾಗ ಆ ಚಿತ್ರ ನೋಡು.

ಇನ್ನೊಂದು ಮಾತು. 'ಇ ವಾಂಪೀರಿ'ಯ ನಿರ್ದೇಶಕನೆಂದು ತೆರೆಯ ಮೇಲೆ ಬಂದದ್ದು ಫ್ರೆಡಾ ಹೆಸರೊಂದೇ. ಬೇರೆಯವರ ಚಿತ್ರ ಮುಗಿಸಿಕೊಡುವ ಪ್ರಸಂಗ ಬಂದರೆ ಖಂಡಿತ ಒಪ್ಪಿಕೋ, ಕಲಿಯಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗದು. ಆದರೆ ಟೈಟಲ್ ಕಾರ್ಡಿನಲ್ಲಿ ನಿನ್ನ ಹೆಸರು ಹೇಗೆ ಬರುತ್ತದೆ, ಸಂಭಾವನೆ ಎಷ್ಟು ಎಂಬುದನ್ನು ಮೊದಲ ಶಾಟ್‌ಗೆ ಮುಂಚೆಯೇ ಬರವಣಿಗೆಯಲ್ಲಿ ಪಡೆದುಕೋ.

ಸುಕ್ಕಿನ ಟೆಸ್ಟ್ ಮಾಡಿದಾಗ ಬಣ್ಣದ ಮೂಲ ಫೂಟೇಜನ್ನೂ ಸೇರಿಸಿ ಕಳಿಸು.

ಇಂತಿ,
ನಿನ್ನ ಸೋದರಮಾವ