ಮೂರೇ ತಿಂಗಳಿಗೆ ಓಲಾಡುವ ಸಾಣೆ ಕಲ್ಲು: ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗ

ವಿಷಯ: ಉಳಿ ಸಾಣೆ ಹಿಡಿಯುವ ವೆಟ್ ಗ್ರೈಂಡರಿನ ಬುಷ್ (ಶಾಫ್ಟ್ ಕೂರುವ ಬಳೆ) ಸಡಿಲವಾಗಿರುವುದು

ಮಾನ್ಯರೇ,

ಮೂರು ತಿಂಗಳ ಹಿಂದೆ ನಿಮ್ಮಿಂದ ಈ ಯಂತ್ರ ತರಿಸಿದೆ. ಹೋದ ವಾರ ದೂರು ಕೊಟ್ಟಾಗ ನೀವು ಕಳಿಸಿದ ಮೆಕ್ಯಾನಿಕ್, ದೋಸೆ ಹಿಟ್ಟು ರುಬ್ಬುವ ಗ್ರೈಂಡರಿನ ಬೆಲ್ಟ್ ಹಿಡಿದುಕೊಂಡು ಬಂದಿದ್ದರು! ತಪ್ಪು ಅವರದಲ್ಲ ಬಿಡಿ, ಕಾಫಿ ಕುಡಿಸಿ ಕಳಿಸಿದೆ. ನನ್ನ ಯಂತ್ರ ಮಾತ್ರ ಹಾಗೇ ಕೂತಿದೆ.

ನಾನು ತುಮಕೂರಿನ ಶಿರಾ ಗೇಟ್ ಹತ್ತಿರ ಲೇತಿನಲ್ಲಿ ಲಟ್ಟಣಿಗೆ, ತೊಟ್ಟಿಲ ಕಾಲು, ಬಟ್ಟಲು ಕಡೆಯುತ್ತೇನೆ. ನಮ್ಮ ಕಡೆ ಹುಣಸೆ ಮರ ಜಾಸ್ತಿ. ಅದನ್ನು ಕಡೆಯುವಾಗ ಗೌಜಿನ (ಬಾಗಿದ ಬಾಯಿಯ ಉಳಿಯ) ಬಾಯಿ ಬೇಗ ಮೊಂಡಾಗುತ್ತದೆ. ಮೊದಲಿದ್ದ ಒಣ ಗ್ರೈಂಡರ್ ನಿಮಿಷಕ್ಕೆ 2,800 ಸುತ್ತು ತಿರುಗುತ್ತಿತ್ತು. ಹೈಸ್ಪೀಡ್ ಸ್ಟೀಲ್ ಉಳಿಗಳು ಆ ಬಿಸಿ ತಡೆಯುತ್ತಿದ್ದವು. ಅಪ್ಪನ ಕಾಲದ ಕಾರ್ಬನ್ ಸ್ಟೀಲ್ ಉಳಿಗಳು ನೀಲಿಗಟ್ಟಿ ಹದ ಕಳೆದುಕೊಳ್ಳುತ್ತಿದ್ದವು. ಅದಕ್ಕೇ ನಿಮಿಷಕ್ಕೆ 90 ಸುತ್ತಿನ, ನೀರಲ್ಲಿ ನೆನೆದು ತಿರುಗುವ ನಿಮ್ಮ ಕಲ್ಲಿಗೆ ದುಡ್ಡು ಸುರಿದದ್ದು.

ಮೊದಲ ತಿಂಗಳು ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಆಮೇಲೆ ಸಾಣೆ ಹಿಡಿದ ಗೌಜಿನ ಬಾಯಿಯ ಇಳಿಜಾರು ಮುಖ ಪಟ್ಟಿ ಪಟ್ಟಿಯಾಗಿ ಬರತೊಡಗಿತು. ಒಂದೇ ನಯವಾದ ಮುಖ ಬರದಿದ್ದರೆ ಉಳಿ ಮರದ ಮೇಲೆ ಸರಿಯಾಗಿ ಕೂರುವುದಿಲ್ಲ, ಗಬಕ್ಕನೆ ಕಚ್ಚುತ್ತದೆ. ಹೀಗೆ ಕಚ್ಚಿ ಎರಡು ಬಟ್ಟಲು ಒಡೆದವು.

ಫೋನಿನಲ್ಲಿ ನಿಮ್ಮವರು, "ಕಲ್ಲನ್ನು ರಾತ್ರಿಯೆಲ್ಲಾ ನೀರಲ್ಲೇ ಬಿಟ್ಟಿರ್ತೀರಿ, ಒಂದು ಕಡೆ ನೀರು ಕುಡಿದು ಭಾರವಾಗಿದೆ" ಅಂದರು. ನಾನು ಪ್ರತಿ ಸಂಜೆ ತೊಟ್ಟಿ ಕೆಳಗಿಳಿಸಿ, ನೀರು ಚೆಲ್ಲಿಯೇ ಮನೆಗೆ ಹೋಗುವುದು. ಆದರೂ ಅವರ ಮಾತು ಕೇಳಿ ಡೈಮಂಡ್ ಡ್ರೆಸ್ಸರ್ ಕೊಂಡು ಕಲ್ಲು ಸಮ ಮಾಡಿದೆ, ಒಂದಲ್ಲ, ಮೂರು ಸಲ. 250 ಮಿಲಿಮೀಟರ್ ಅಗಲದ ಕಲ್ಲು ಈಗ 244ಕ್ಕೆ ಇಳಿದಿದೆ. ಸುಮ್ನೆ ತಿರುಗುವಾಗ ಸರಿಯಾಗಿಯೇ ಕಾಣುತ್ತದೆ. ಉಳಿ ಒತ್ತಿದ ಕೂಡಲೇ ಮತ್ತೆ ಓಲಾಟ.

ಆಗ ಪ್ಲಗ್ ತೆಗೆದು, ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದೆ. ಟಕ್ ಟಕ್ ಅನ್ನುತ್ತದೆ. ಶಾಫ್ಟ್ ಕೂರುವ ಬುಷ್ ಸಡಿಲ. ಕಲ್ಲಿನಲ್ಲಿ ದೋಷವಿದ್ದಿದ್ದರೆ ಡ್ರೆಸ್ಸರ್ ಹಾಕಿದ ಮೇಲೆ ಸರಿಹೋಗಬೇಕಿತ್ತು, ಅಲ್ವಾ? ವಿಡಿಯೋ ಕಳಿಸಿ ಹನ್ನೆರಡು ದಿನವಾಯಿತು, ಉತ್ತರವಿಲ್ಲ.

ವಾರಂಟಿ ಒಂದು ವರ್ಷದ್ದು. ಹೊಸ ಬುಷ್, ಶಾಫ್ಟ್ ಹಾಕಿಸಿಕೊಡಿ, ಇಲ್ಲವೇ ಯಂತ್ರ ಬದಲಿಸಿ. ನಿಮ್ಮ ಸಲಹೆಯಿಂದ ಸವೆದ ಕಲ್ಲಿಗೂ ಹೊಸ ಕಲ್ಲು ಕೊಡಬೇಕು. ಬರುವವರು ಸಾಣೆ ಯಂತ್ರ ಬಲ್ಲವರಾಗಿರಲಿ. ಹದಿನೈದು ದಿನದೊಳಗೆ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಇಲ್ಲೇ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆಯ ಪ್ರಕಾರ ನಾನಿರುವ ಊರಿನಲ್ಲೇ ದೂರು ಹಾಕಬಹುದು, ನಿಮ್ಮ ಊರಿಗೆ ಅಲೆಯಬೇಕಿಲ್ಲ.

ಬಿಲ್ಲು, ವಾರಂಟಿ ಕಾರ್ಡಿನ ಪ್ರತಿ ಮತ್ತು ಪಟ್ಟಿ ಬಿದ್ದ ಗೌಜಿನ ಫೋಟೋ ಜೊತೆಗಿಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ತುಮಕೂರು