ಯಾವ ಕಿಲೋಮೀಟರಿನಲ್ಲಿ?

ಪ್ರೀತಿಯ ಗೆಳೆಯ,

ಹೋದ ಭಾನುವಾರ ಮೈಸೂರು ತಲುಪಿದ ಕೂಡಲೇ ಫೋನ್ ಮಾಡಿ ಅಷ್ಟು ಹೊತ್ತು ಬೈದೆಯಲ್ಲ, ಕೆಂಗೇರಿ ದಾಟಿದ ಮೇಲೆ ರೈಲು ಎತ್ತಿನ ಗಾಡಿಯ ಹಾಗೆ ತೆವಳಿತು, ಹೊರಗೆ ನೋಡಿದರೆ ಕಿತ್ತಳೆ ಬಣ್ಣದ ಅಂಗಿ ತೊಟ್ಟ ನಾಲ್ಕು ಜನ ಸುಮ್ಮನೆ ನಿಂತಿದ್ದರು ಎಂದು, ಆ ಬೈಗುಳವನ್ನು ಒಂದಕ್ಷರ ಬಿಡದೆ ಅಪ್ಪನಿಗೆ ತಲುಪಿಸಿದೆ. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಯಾವ ಕಿಲೋಮೀಟರಿನಲ್ಲಿ?" ಎಂದ.

ನನಗೇನು ಗೊತ್ತು? ನಿನಗೂ ಗೊತ್ತಿರಲಾರದು. ಆಮೇಲೆ ಅಪ್ಪನೇ, ಜಲ್ಲಿ ಅಗೆದು ಜರಡಿ ಹಿಡಿದಿರಬೇಕು ಎಂದ. ವರ್ಷಗಟ್ಟಲೆ ರೈಲು ಓಡಿದ ಮೇಲೆ ಜಲ್ಲಿಯ ಸಂದಿಗೆಲ್ಲ ಮಣ್ಣು, ಕಲ್ಲಿನ ಪುಡಿ ತುಂಬಿ ನೀರು ಬಸಿಯುವುದಿಲ್ಲವಂತೆ. ಅದನ್ನು ಹೊರಗೆಳೆದು ಸೋಸಿ ಮತ್ತೆ ತುಂಬಿದರೆ ಹಳಿ ಕೂರುವುದಕ್ಕೆ ಕೆಲವು ದಿನ ಬೇಕು. ಅಲ್ಲಿಯವರೆಗೆ ರೈಲು ನಿಧಾನವಾಗಿಯೇ ಹೋಗಬೇಕು. "ಬಾಣಂತಿ ಇದ್ದ ಹಾಗೆ. ಎದ್ದ ದಿನವೇ ನೀರು ಸೇದು ಎನ್ನುತ್ತಾರೆಯೇ? ಆ ಹುಡುಗನಿಗೆ ಹೇಳು, ಅವರು ಸುಮ್ಮನೆ ನಿಂತಿರಲಿಲ್ಲ. ಗಾಲಿ ಬಂದಾಗ ಹಳಿ ಎಲ್ಲಿ ತಗ್ಗುತ್ತದೆ ಎಂದು ನೋಡುತ್ತಿದ್ದರು." ತಲೆಯಲ್ಲಿ ಕೂದಲಿಲ್ಲದಿದ್ದರೂ ಅಪ್ಪನ ಪಾಲಿಗೆ ನೀನು ಇನ್ನೂ ಹುಡುಗನೇ.

ನಮ್ಮ ಮನೆಯಲ್ಲಿ ಮುದ್ದೆ, ಉಪ್ಪುಸಾರು ಉಂಡು ಬೆಳೆದವನು ನೀನು. ಶಾಲೆಯಲ್ಲಿ ಯಾರಾದರೂ ಅಪ್ಪನ ಕೆಲಸ ಕೇಳಿದರೆ ನಾನು "ರೈಲ್ವೆ" ಎಂದಷ್ಟೇ ಹೇಳಿ ಮಾತು ನುಂಗುತ್ತಿದ್ದುದು ನೆನಪಿದೆಯೇ? ಕೇಳಿದವರು ಟಿಕೆಟ್ ಕಲೆಕ್ಟರ್ ಎಂದುಕೊಳ್ಳಲಿ ಎಂಬ ಆಸೆ. ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಎನ್ನಲು ನಾಚಿಕೆ. ಮುಂದೆ ಇಲಾಖೆಯೇ ಆ ಹೆಸರನ್ನು ತೆಗೆದು ಟ್ರ್ಯಾಕ್‌ಮನ್ ಎಂದಿತು, ಆಮೇಲೆ ಟ್ರ್ಯಾಕ್ ಮೇಂಟೇನರ್ ಎಂದಿತು. ಹಾರೆಯ ತೂಕ ಮಾತ್ರ ಅಷ್ಟೇ ಉಳಿಯಿತು.

ಅಪ್ಪ 1978ರಲ್ಲಿ ದಿನಗೂಲಿಯಾಗಿ ಸೇರಿದವನು. ಕೆಲಸ ಖಾಯಂ ಆಗಲು ಆರು ವರ್ಷ ಹಿಡಿಯಿತು. ಆಗ ಈ ಬೆಂಗಳೂರು-ಮೈಸೂರು ದಾರಿ ಇನ್ನೂ ಮೀಟರ್‌ಗೇಜ್, ಎರಡು ಹಳಿಗಳ ನಡುವೆ 1000 ಮಿಲಿಮೀಟರ್. 1876-78ರ ಧಾತು ಈಶ್ವರ ಬರದ ಕಾಲದಲ್ಲಿ ಹೊಟ್ಟೆಗಿಲ್ಲದ ಜನ ಇದಕ್ಕೆ ಮಣ್ಣು ಹೊತ್ತಿದ್ದರು, 1882ರಲ್ಲಿ ಮೈಸೂರಿಗೆ ರೈಲು ಮುಟ್ಟಿತು. ತೊಂಬತ್ತರ ದಶಕದಲ್ಲಿ ಇದು 1676 ಮಿಲಿಮೀಟರಿನ ಬ್ರಾಡ್‌ಗೇಜ್ ಆಯಿತು. ಆಮೇಲೆ ಒಂಟಿ ದಾರಿ ಜೋಡಿಯಾಯಿತು, ಮೇಲೆ ವಿದ್ಯುತ್ ತಂತಿ ಬಂತು. ಇದೆಲ್ಲ ಪತ್ರಿಕೆಯಲ್ಲಿ ಬರುವ ಸುದ್ದಿ. ಅಪ್ಪನ ಲೆಕ್ಕದಲ್ಲಿ ಆದ ಬದಲಾವಣೆ ಬೇರೆಯೇ.

ಹಳಿಯಲ್ಲಿ ಅಪಾಯ ಕಂಡರೆ ಬರುವ ರೈಲಿಗೆ ಎದುರಾಗಿ ಓಡಿ, ಹಳಿಯ ಮೇಲೆ ಪಟಾಕಿ ಕಟ್ಟಬೇಕು. ಗಾಲಿ ಹತ್ತಿದರೆ ಅದು ಸಿಡಿಯುತ್ತದೆ, ಚಾಲಕ ರೈಲು ನಿಲ್ಲಿಸುತ್ತಾನೆ. ಮೀಟರ್‌ಗೇಜಿನಲ್ಲಿ 400 ಮೀಟರಿಗೆ ಒಂದು, 800 ಮೀಟರಿಗೆ ಮೂರು. ಬ್ರಾಡ್‌ಗೇಜಿಗೆ ಅದೇ 600 ಮತ್ತು 1200. "ಗೇಜ್ ದೊಡ್ಡದಾದ ಮೇಲೆ ಓಡುವ ದೂರವೂ ದೊಡ್ಡದಾಯಿತು, ನಮಗೆ ವಯಸ್ಸೂ ಆಗಿತ್ತು" ಎಂದು ನಗುತ್ತಾನೆ.

ಗ್ಯಾಂಗಿನಲ್ಲಿ ಹಲವು ವರ್ಷ ಜಲ್ಲಿ ಬಡಿದ ಮೇಲೆ ಅಪ್ಪ ಕೀಮನ್ ಆದ. ಹಿಂದೆ ಹಳಿಯನ್ನು ಸ್ಲೀಪರಿಗೆ, ಅಂದರೆ ಹಳಿಯ ಕೆಳಗಿನ ಅಡ್ಡ ತೊಲೆಗೆ, ಬಿಗಿಯುತ್ತಿದ್ದುದು ಕಬ್ಬಿಣದ ಬೆಣೆ. ಅದರ ಹೆಸರು ಕೀ. ರೈಲಿನ ಅದುರಿಗೆ ಅದು ಸಡಿಲವಾಗುತ್ತದೆ, ದಿನಾ ಯಾರಾದರೂ ಹೋಗಿ ಬಡಿಯಬೇಕು. ಈಗ ಕಾಂಕ್ರೀಟ್ ಸ್ಲೀಪರಿಗೆ ಸುರುಳಿ ಕ್ಲಿಪ್ ಬಂದಿದೆ, ಬಡಿಯುವವನು ಇನ್ನೂ ಕೀಮನ್ನೇ. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಚೀಲದಲ್ಲಿ ಸ್ಪ್ಯಾನರ್, ಕೆಂಪು ಹಸಿರು ಬಾವುಟ, ತಗಡಿನ ಡಬ್ಬಿಯಲ್ಲಿ ಪಟಾಕಿ. ಹೋಗುವಾಗ ಒಂದು ಹಳಿ ನೋಡಿಕೊಂಡು ಹೋಗುವುದು, ಬರುವಾಗ ಇನ್ನೊಂದನ್ನು ನೋಡಿಕೊಂಡು ಬರುವುದು. ವೃಷಭಾವತಿಯ ನಾತ ಮೂಗಿಗೆ ಹೊಡೆಯುವ ಹೊತ್ತಿಗೆ ಅವ್ವ ಕಟ್ಟಿಕೊಟ್ಟ ಬುತ್ತಿ ಬಿಚ್ಚುವ ಸಮಯ.

ಅವನ ನಡಿಗೆ ಗಮನಿಸಿದ್ದೀಯಾ? ಸ್ಲೀಪರುಗಳ ನಡುವಿನ ಅಂತರ ಸುಮಾರು 60 ಸೆಂಟಿಮೀಟರ್. ಅಪ್ಪನ ಹೆಜ್ಜೆಯೂ ಅಷ್ಟೇ, ಒಂದಿಷ್ಟೂ ಆಚೀಚೆ ಇಲ್ಲ. ಮಾರುಕಟ್ಟೆಯಲ್ಲಿ, ಜಾತ್ರೆಯಲ್ಲಿ, ತಂಗಿಯ ಮದುವೆಯ ದಿಬ್ಬಣದಲ್ಲಿ ಎಲ್ಲ ಕಡೆ ಅದೇ ಹೆಜ್ಜೆ, ಕಣ್ಣು ನೆಲದ ಮೇಲೆ. ಜೊತೆಯಲ್ಲಿ ನಡೆಯಲು ಬರುವುದೇ ಇಲ್ಲ. ಅವನು ಮುಂದೆ, ಅವ್ವ ಹಿಂದೆ, ನಾವಿಬ್ಬರು ಅವಳ ಹಿಂದೆ. ನಲವತ್ತು ವರ್ಷ ಸಂಸಾರ ಮಾಡಿ ಈ ಮನುಷ್ಯನ ಬೆನ್ನು ಬಿಟ್ಟರೆ ಬೇರೇನೂ ನೋಡಲಿಲ್ಲ ಎಂದು ಅವ್ವ ಗೊಣಗುತ್ತಾಳೆ. ಹಾಗೆಂದು ಅವನಿಗೆ ಮನೆಯ ಕಡೆ ಲಕ್ಷ್ಯವಿರಲಿಲ್ಲ ಎನ್ನಲಾರೆ. ಭಾನುವಾರ ನಮ್ಮ ಚಪ್ಪಲಿಗಳನ್ನು ಸಾಲಾಗಿ ಇಟ್ಟುಕೊಂಡು ಒಂದೊಂದರ ಉಂಗುಷ್ಟವನ್ನೂ ಎಳೆದು ನೋಡುತ್ತಿದ್ದ. ಸಡಿಲವಾಗಿದ್ದುದು ಸೋಮವಾರದ ಹೊತ್ತಿಗೆ ಸರಿಯಾಗಿರುತ್ತಿತ್ತು. ನಿನ್ನ ಚಪ್ಪಲಿಯನ್ನೂ ಒಮ್ಮೆ ಹೊಲಿಸಿ ತಂದಿದ್ದ, ನಿನಗೆ ಮರೆತಿರಬಹುದು.

ಪಾಸಿನಲ್ಲಿ ಒಮ್ಮೆ ನಮ್ಮನ್ನು ಕನ್ಯಾಕುಮಾರಿಗೆ ಕರೆದುಕೊಂಡು ಹೋದ. ರಾತ್ರಿಯಿಡೀ ಮಲಗಲಿಲ್ಲ, ಬಾಗಿಲ ಬಳಿ ನಿಂತು ಗಾಲಿಯ ಸದ್ದು ಕೇಳಿದ. ಬೆಳಿಗ್ಗೆ ನಮಗೆಲ್ಲ ಸಮುದ್ರ ಕಂಡಿತು. ಅವನಿಗೆ ಕಂಡಿದ್ದು ದಾರಿಯಲ್ಲಿ ಬದಿಗೆ ಸರಿದು ನಿಂತಿದ್ದ ತಮಿಳುನಾಡಿನ ಗ್ಯಾಂಗು. ಕೈ ಎತ್ತಿದನಂತೆ, ಅವರೂ ಎತ್ತಿದರಂತೆ.

ಪಟಾಕಿಯನ್ನು ನಿಜವಾಗಿ ಕಟ್ಟಿದ್ದು ಇಡೀ ನೌಕರಿಯಲ್ಲಿ ಒಂದೇ ಸಲ. ಡಿಸೆಂಬರಿನ ಬೆಳಗು. ಚಳಿಗೆ ಹಳಿ ಕುಗ್ಗಲು ನೋಡುತ್ತದೆ, ಬೆಸೆದು ಉದ್ದ ಮಾಡಿದ ಹಳಿಗೆ ಕುಗ್ಗಲು ಜಾಗವಿಲ್ಲ. ಎಳೆತ ತಾಳದೆ ಬೆಸುಗೆ ಬಿರಿದಿತ್ತು, ಕಿರುಬೆರಳು ತೂರುವಷ್ಟು. ಓಡಿದ. 1200 ಮೀಟರ್ ಎಂದರೆ ಎರಡು ಸಾವಿರ ಸ್ಲೀಪರ್. ಎಣಿಸಿದೆಯಾ ಎಂದು ಕೇಳಿದರೆ, "ಕಾಲಿಗೆ ಗೊತ್ತಿರುತ್ತದೆ" ಎಂದ. ರೈಲು ನಿಂತಿತು, ಚಾಲಕ ಇಳಿದು ಬಂದು ಒಂದು ಬೀಡಿ ಕೊಟ್ಟ. ಕಥೆ ಅಷ್ಟೇ. ಅಪ್ಪನಿಗೆ ಅದರ ಬಗ್ಗೆ ಹೆಮ್ಮೆಯಿಲ್ಲ. ಹಿಂದಿನ ದಿನವೂ ಅದೇ ಬೆಸುಗೆಯ ಮೇಲೆ ನಡೆದಿದ್ದೆ, ಹೇಗೆ ಕಾಣಲಿಲ್ಲ ಎಂದು ಈಗಲೂ ಕೊರಗುತ್ತಾನೆ.

2016ರಲ್ಲಿ ನಿವೃತ್ತಿಯಾದ. ಬೆಂಗಳೂರು ಸಿಟಿ ಸ್ಟೇಷನ್ನಿಗೆ ಸಂಗೊಳ್ಳಿ ರಾಯಣ್ಣನ ಹೆಸರು ಬಂದ ವರ್ಷವೇ. ಈಗ ಸಂಜೆ ಕೆಂಗೇರಿ ನಿಲ್ದಾಣಕ್ಕೆ ಹೋಗಿ ಕೂರುತ್ತಾನೆ, ದಿನಾ ದುಡ್ಡು ಕೊಟ್ಟು ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು. ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ಪ್ಲಾಟ್‌ಫಾರ್ಮ್ ಮುಗಿದು ಇಳಿಜಾರು ಶುರುವಾಗುವಲ್ಲಿಗೆ ಬಂದು ನಿಂತುಬಿಟ್ಟ. ಇಷ್ಟು ವರ್ಷ ನಡೆದ ದಾರಿ, ಇಳಿದು ನಾಲ್ಕು ಹೆಜ್ಜೆ ಹೋಗಿ ಬರೋಣ ಎಂದೆ. ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ. "ಈಗ ನಾನು ಇಳಿದರೆ ಅತಿಕ್ರಮ ಪ್ರವೇಶ. ದಂಡ ಹಾಕುತ್ತಾರೆ."

ಅಷ್ಟರಲ್ಲಿ ಆ ಕಡೆಯಿಂದ ಒಬ್ಬ ಹುಡುಗ ಬಂದ, ಕಿತ್ತಳೆ ಅಂಗಿ, ಹೆಗಲ ಮೇಲೆ ಸುತ್ತಿಗೆ. ಅಪ್ಪ ಬೆರಳು ತೋರಿಸಿ, "ಆ ಐದನೆಯ ಸ್ಲೀಪರಿನ ಕ್ಲಿಪ್ ನೋಡಪ್ಪ" ಎಂದ. ಹುಡುಗ ನಮ್ಮನ್ನೊಮ್ಮೆ ನೋಡಿ, ಬಗ್ಗಿ, ಎರಡು ಏಟು ಹಾಕಿದ. ಮೊದಲ ಏಟಿನ ಸದ್ದು ಮಂದವಾಗಿತ್ತು, ಎರಡನೆಯದು ಗಂಟೆಯ ಹಾಗೆ ಕೇಳಿತು. "ಸರಿ, ನಡೆ" ಎಂದ ಅಪ್ಪ. ಮನೆ ಸೇರುವವರೆಗೆ ಮಾತಿಲ್ಲ, ಆದರೆ ಮುಖದಲ್ಲಿ ಏನೋ ಗೆಲುವಿತ್ತು.

ಮುಂದಿನ ತಿಂಗಳು ಬರುತ್ತೇನೆ ಎಂದಿದ್ದೀಯ. ಅವ್ವ ಅವರೆಕಾಳು ತಂದು ಇಡಬೇಕೇ ಎಂದು ಕೇಳುತ್ತಿದ್ದಾಳೆ. ಹಗಲಿನ ರೈಲಿಗೇ ಬಾ. ಎಲ್ಲಿಯಾದರೂ ರೈಲು ತೆವಳಿದರೆ ಬೈಯುವ ಮೊದಲು ಕಿಟಕಿಯಾಚೆ ಕಿಲೋಮೀಟರ್ ಕಲ್ಲಿನ ಸಂಖ್ಯೆ ನೋಡಿಕೊಂಡಿರು. ಚಪ್ಪಲಿ ಕಳಚುವ ಮೊದಲೇ ಅಪ್ಪ ಕೇಳುತ್ತಾನೆ.

ಇಂತಿ,
ನಿನ್ನ ಗೆಳೆಯ